ಡಾಕ್ಟರರ ಕೈಗುಣ

ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಜ್ಜಂಪುರದ ನಮ್ಮ ಮನೆಗೂ ಡಾಕ್ಟರರ ಶಾಪಿಗೂ ಒಂದೇ ಗೋಡೆ. ಬೆಳಿಗ್ಗೆ ನಾನು ಕಾಫಿ ಸೋಸುವ ಹೊತ್ತಿಗೆ ಆಚೆ ಸ್ಟೆರಿಲೈಸರ್ ಶುರುವಾಗುತ್ತಿತ್ತು. ಮೊನ್ನೆ ತರೀಕೆರೆಯ ಕ್ಲಿನಿಕ್ಕೊಂದರಲ್ಲಿ ನರ್ಸ್ ಹುಡುಗಿ ಹೊಸ ಸಿರಿಂಜಿನ ಪ್ಯಾಕೆಟ್ಟನ್ನು ನನ್ನೆದುರೇ ಹರಿದು, "ನೋಡ್ಕೊಳಿ ಅಜ್ಜಿ, ಸೀಲ್ ಇದೆ" ಎಂದಾಗ, ಎಷ್ಟೋ ವರ್ಷದ ಹಿಂದಿನ ಆ ಕಿಣಿಕಿಣಿ ಎದ್ದು ಬಂತು...

ಡಾಕ್ಟರು ಪರ್ಫೆಕ್ಟ್ ಜೆಂಟಲ್‌ಮನ್. ಮೆಲುಮಾತು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಯಾರನ್ನೂ ಕಾಯಿಸುತ್ತಿರಲಿಲ್ಲ. ತರೀಕೆರೆಯಲ್ಲಿದ್ದ ಇನ್ನೊಬ್ಬ ಡಾಕ್ಟರು ನೀರು ಕುದಿಯುವ ತನಕ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಬರೀ ಮಾತ್ರೆ ಕೊಟ್ಟು ಕಳಿಸುತ್ತಾರೆಂದು ಜನ ನಗುತ್ತಿದ್ದರು. ಸೂಜಿ ಚುಚ್ಚದವನು ಎಂಥ ಡಾಕ್ಟರು?

ಸಂತೆಯ ದಿನ ಚೌಳಹಿರಿಯೂರಿನ ಕಡೆಯವರು ವ್ಯಾಪಾರ ಮುಗಿಸಿ, ಬಸ್ಸು ಹತ್ತುವ ಮುಂಚೆ ಒಂದು ಶಕ್ತಿ ಸೂಜಿ ಹಾಕಿಸಿಕೊಂಡೇ ಹೋಗುವುದು. ಬಸ್ಸು ಶಾಪಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಹಾರ್ನ್ ಕೇಳಿಸಿದ ಮೇಲೆ ಗೋಡೆಯಾಚೆಯ ಕಿಣಿಕಿಣಿ ನಿಂತುಹೋಗುತ್ತಿತ್ತು.

ನಮ್ಮ ಅತ್ತೆಗೂ ಮಂಡಿನೋವು. ಅವರೂ ಪ್ರತಿ ಸಂತೆಗೆ ತೋಳು ಕೊಟ್ಟು ಬರುತ್ತಿದ್ದರು. ಒಂದು ದಿನ ಜೊತೆಗೆ ಹೋದಾಗ ನೋಡಿದೆ. ಒಂದೇ ಸಿರಿಂಜು, ಒಂದೇ ಸೂಜಿ. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಒಬ್ಬರಾದ ಮೇಲೆ ಒಬ್ಬರಿಗೆ. ಕಾನ್ವೆಂಟಿನ ಹೈಜೀನ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿದ್ದೆಲ್ಲ ನೆನಪಾಗಿ, ಸೂಜಿ ಮತ್ತೆ ಕುದಿಸಬೇಡವೇ ಎಂದು ಡಾಕ್ಟರರನ್ನು ಕೇಳಿಯೇಬಿಟ್ಟೆ.

"ಬಸ್ ಹೋಗ್ಬಿಟ್ರೆ ಪಾಪ, ಇವ್ರು ನಡ್ಕಂಡ್ ಹೋಗ್ಬೇಕು ಕಣಮ್ಮಾ" ಎಂದರು. ಆ ದನಿಯಲ್ಲಿ ನಿಜವಾದ ಕರುಣೆಯಿತ್ತು. ಅದೇ ಇವತ್ತಿಗೂ ನನ್ನನ್ನು ಹೆದರಿಸುತ್ತದೆ.

ಹೊರಗೆ ಬಂದ ಮೇಲೆ ಅತ್ತೆ ಸಿಡುಕಿದರು. "ನಿನ್ ಕಾನ್ವೆಂಟ್ ಬುದ್ಧಿ ನಿನ್ನತ್ರಾನೇ ಇಟ್ಕೊಳೇ. ಅವ್ರ ಕೈಗುಣ ನಂಗೊತ್ತು."

ಮಳೆಗಾಲ ಕಳೆದ ಮೇಲೆ ಸಂತೆಯಲ್ಲಿ ಹಳದಿ ಕಣ್ಣುಗಳು ಕಾಣತೊಡಗಿದವು. ಮೊದಲು ಸೊಪ್ಪಿನವಳು, ಆಮೇಲೆ ಬಸ್ಸಿನ ಕಂಡಕ್ಟರು, ಆಮೇಲೆ ಅವನ ಹೆಂಡತಿ... ಕಾಮಾಲೆಗೆ ನಾಟಿ ಔಷಧಿ ಕುಡಿದು, ಸುಸ್ತಿಗೆಂದು ಮತ್ತೆ ಡಾಕ್ಟರರ ಬಳಿಗೇ ಬರುತ್ತಿದ್ದರು. ಹಳದಿ ಏರಿದಷ್ಟೂ ಸೂಜಿ ಹೆಚ್ಚು ಬೇಕಾಗುತ್ತಿತ್ತು. ಡಾಕ್ಟರು ಯಾರಿಗೂ ಇಲ್ಲವೆನ್ನಲಿಲ್ಲ. ತಮಗೇ ಸುಸ್ತಾದಾಗಲೂ ತೋಳು ಮಡಚಿ ಅದೇ ಸಿರಿಂಜು ಎತ್ತಿಕೊಳ್ಳುತ್ತಿದ್ದರು. ಅತ್ತೆಯನ್ನು ತಡೆಯಿರಿ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಅಮ್ಮನಿಗೆ ಬುದ್ಧಿ ಹೇಳೋರು ಯಾರು ಎಂದು ಅವರು ಪೇಪರ್ ತಿರುವಿದರು.

ಒಂದು ಬೆಳಿಗ್ಗೆ ಅತ್ತೆ ಅನ್ನದ ವಾಸನೆಯೇ ಬೇಡವೆಂದರು. ಕಿಟಕಿಯ ಬೆಳಕಿಗೆ ಅವರ ಮುಖ ತಿರುಗಿಸಿ ಕಣ್ಣು ನೋಡಿದೆ. ಅರಿಶಿನ.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ಇಂಜೆಕ್ಷನ್ ಎಲ್ಲಿ ಹಾಕಿಸಿಕೊಳ್ಳುತ್ತಿದ್ದಿರಿ ಎಂದು ಮತ್ತೆ ಮತ್ತೆ ಕೇಳಿದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಕೊನೆಯ ತನಕ ಡಾಕ್ಟರರ ಹೆಸರೆತ್ತಲಿಲ್ಲ. ಅವರ ಬದಲು ನಾನು ಹೇಳಿದೆ. ಅತ್ತೆ ಮನೆಗೆ ವಾಪಸ್ಸು ಬರಲಿಲ್ಲ.

ಈಗ ಎಲ್ಲ ಕಡೆ ಡಿಸ್ಪೋಸಬಲ್. ಒಂದು ತೋಳಿಗೆ ಒಂದು ಸಿರಿಂಜು, ಆಮೇಲೆ ಡಬ್ಬಿಗೆ. ಇಷ್ಟು ಸಿಂಪಲ್. ಅತ್ತೆಯ ಕಾಲಕ್ಕೆ ಬರಲಿಲ್ಲ, ಅಷ್ಟೇ... ಡಾಕ್ಟರರ ಕಾಲಕ್ಕೂ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಜ್ಜಂಪುರದ ಸ್ಟೇಷನ್ನಿನಲ್ಲಿ. ಶಾಪು ಮುಚ್ಚಿ ತಂಗಿಯ ಊರಿಗೆ ಹೊರಟಿದ್ದರು. ಮೋಡ ಕವಿದ ದಿನ, ಆದರೂ ಕೂಲಿಂಗ್ ಗ್ಲಾಸ್ ಹಾಕಿದ್ದರು. ನನ್ನನ್ನು ಕಂಡು ಎದ್ದು ನಿಂತು, ಹತ್ತಿರದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಅದನ್ನು ತೆಗೆದರು.

"ಕನ್ನಡೀಲಿ ಸರಿಯಾಗಿ ಗೊತ್ತಾಗ್ತಿಲ್ಲ. ನೀನೇ ನೋಡಿ ಹೇಳಮ್ಮಾ. ನಿಮ್ಮತ್ತೇದೂ ಹಿಂಗೇ ಇತ್ತಾ?"

ಹೌದು ಡಾಕ್ಟರ್, ಎಂದೆ.

ಥ್ಯಾಂಕ್ಸ್ ಎಂದರು, ಮೆತ್ತಗೆ. ಗ್ಲಾಸ್ ಹಾಕಿಕೊಂಡು ನನ್ನಿಂದ ದೂರದ ಬೆಂಚಿಗೆ ಹೋಗಿ ಒಬ್ಬರೇ ಕೂತರು.