ಕವಿಗಳಿಗೆ ಸೀಟಿ ಊದುವವನು

ಕವಿಗಳ ಬಾಯಿ ಮುಚ್ಚಿಸುವುದಕ್ಕೆಂದೇ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದ ಕವಿಗಳ ಸಂಘ ಅದೊಂದೇ ಇರಬೇಕು. ವರ್ಷಕ್ಕೊಮ್ಮೆ ಒಂದು ಶನಿವಾರ, ಭಾನುವಾರ ಊರಿನ ಕವಿಗಳೆಲ್ಲ ಬಾಡಿಗೆ ಹಾಲ್‌ನಲ್ಲಿ ಸೇರುತ್ತಿದ್ದರು. ಶನಿವಾರ ಕಮ್ಮಟ, ಭಾನುವಾರ ವಾಚನ. ಒಬ್ಬೊಬ್ಬರಿಗೆ ಐದು ನಿಮಿಷ. ಆ ಐದು ನಿಮಿಷ ಅವರ ಪೀಠಿಕೆಗೇ ಸಾಲುತ್ತಿರಲಿಲ್ಲ. ಪದ್ಯ ಎಲ್ಲಿ ಹುಟ್ಟಿತು, ಆಗ ಕವಿಗೆ ಎಷ್ಟು ಜ್ವರವಿತ್ತು, ಅದನ್ನು ವಾಪಸ್ ಕಳಿಸಿದ ಸಂಪಾದಕ ಎಂಥ ಮೂರ್ಖ, ಇದೆಲ್ಲ ಹೇಳಿ ಮುಗಿಯುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರವಾಗಿರುತ್ತಿತ್ತು.

ಸಂಘದ ಕಾರ್ಯದರ್ಶಿ ಹಲ್ಲಿನ ಡಾಕ್ಟರು. "ಎಂಥೆಂಥ ದವಡೆ ಹಲ್ಲು ಕಿತ್ತಿದ್ದೀನಿ. ಮೈಕ್ ಹಿಡ್ಕೊಂಡ ಕವೀನ ಕೀಳೋಕೆ ಮಾತ್ರ ನನ್ನ ಕೈಲಾಗಲ್ಲ" ಎಂದು ಅವರು ಒಂದು ದಿನ ಬಸ್ಸಿನಲ್ಲಿ ಪಕ್ಕದವರ ಹತ್ತಿರ ಗೋಳಾಡಿದ್ದು ಕಂಡಕ್ಟರ್ ಕಿವಿಗೆ ಬಿತ್ತು. ಅವನಿಗೆ ನಿವೃತ್ತಿ ಹತ್ತಿರವಾಗಿತ್ತು, ಮನೆಯಲ್ಲಿ ಕೂತು ಏನು ಮಾಡುವುದೆಂದು ದಿಗಿಲಾಗಿತ್ತು. "ಸೀಟಿ ಊದಿದ್ರೆ ನಿಲ್ಲಲ್ವಾ ಸಾರ್?" ಎಂದು ಕೇಳಿದ. ಆ ವರ್ಷದಿಂದ ಅವನು ಸಂಘದ ಸೀಟಿಯಣ್ಣನಾದ.

ವೇದಿಕೆಯ ಪಕ್ಕದಲ್ಲಿ ಅವನದೊಂದು ಕುರ್ಚಿ. ಎಡಗೈಯಲ್ಲಿ ವಾಚು, ತುಟಿಯಲ್ಲಿ ಸರ್ವಿಸಿನ ಹಳೇ ಸೀಟಿ. ನಾಲ್ಕು ನಿಮಿಷಕ್ಕೆ ಒಂದು ಚುಟುಕು ಪೀಪ್, ಐದಕ್ಕೆ ಬಸ್ಸನ್ನೇ ನಿಲ್ಲಿಸುವಂಥ ಉದ್ದ ಪೀಪ್. ಪ್ರೇಮ, ವಿರಹ, ಕ್ರಾಂತಿ, ಸಾವು ಯಾವುದಕ್ಕೂ ರಿಯಾಯಿತಿ ಇಲ್ಲ. ಒಬ್ಬ ಕವಿ ತೀರಿಹೋದ ತಾಯಿಯ ಮೇಲಿನ ಪದ್ಯವನ್ನು ಅಳುತ್ತ ಓದುತ್ತಿದ್ದಾಗಲೂ ಊದಿದ. ಆ ಕವಿ ಎರಡು ವರ್ಷ ಮಾತು ಬಿಟ್ಟಿದ್ದ, ಮೂರನೇ ವರ್ಷ ಚಿಕ್ಕ ಪದ್ಯ ಬರೆದುಕೊಂಡು ಬಂದ.

ಇಷ್ಟು ವರ್ಷದಲ್ಲಿ ಸೀಟಿಯಣ್ಣ ನೂರಾರು ಪದ್ಯಗಳ ಎದುರು ಕೂತಿದ್ದ, ಒಂದನ್ನೂ ಕೇಳಿರಲಿಲ್ಲ. ವಾಚಿನ ಮುಳ್ಳು ನೋಡುವವನಿಗೆ ಪದ್ಯ ಎಲ್ಲಿ ಕೇಳಬೇಕು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಕವಿಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಕೋಣನ ಹತ್ತಿರ ಸೀಟಿ ಇದ್ದುದರಿಂದ ಮುಂದೆ ಬಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅವನ ಹೆಂಡತಿ ಟೈಲರ್ ಅಂಗಡಿಗಳಿಗೆ ಕಾಜಾ ಗುಂಡಿ ಹಾಕಿಕೊಡುತ್ತಿದ್ದಳು. ಈ ಸಲ ಅವಳು ಗಂಡನಿಗೆ ಒಂದು ಮಾತೂ ಹೇಳದೆ ಕಮ್ಮಟಕ್ಕೆ ಹೆಸರು ಕೊಟ್ಟುಬಿಟ್ಟಿದ್ದಳು. ಶನಿವಾರ ಕಮ್ಮಟದ ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ಕಲ್ಲು ಕೊಟ್ಟು, ಕಣ್ಣು ಮುಚ್ಚಿ ಅದರ ಮೌನವನ್ನು ಆಲಿಸಿ ಎಂದರು. ಉಳಿದವರು ಏನು ಆಲಿಸಿದರೋ. ಅವಳಿಗಂತೂ ಟೀ ಕೊಡು ಎನ್ನುವವರಿಲ್ಲದೆ ಅರ್ಧ ಗಂಟೆ ಸುಮ್ಮನೆ ಕೂತದ್ದೇ ದೊಡ್ಡ ಸುಖವಾಯಿತು. ಆಮೇಲೆ ಅವಳು ಒಂದು ಪದ್ಯ ಬರೆದಳು. ಮೇಷ್ಟ್ರು ಓದಿ, ಅವಳ ಮುಖ ನೋಡಿ, ಮತ್ತೊಮ್ಮೆ ಓದಿ, "ನಾಳೆ ನೀವೂ ವೇದಿಕೆ ಹತ್ತಬೇಕು" ಎಂದರು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು, "ರೀ, ನಾಳೆ ನಾನೂ ಓದ್ತೀನಿ. ಯಾರು ಕೇಳಿದ್ರೂ ಬಿಟ್ರೂ ನೀವು ಕೇಳ್ಬೇಕು."

"ಕೇಳದೆ ಏನು? ನಾನು ಅಲ್ಲೇ ಕೂತಿರ್ತೀನಲ್ಲ" ಎಂದ ಸೀಟಿಯಣ್ಣ. "ಆದ್ರೆ ನೋಡು, ಹೆಂಡ್ತಿ ಅಂತ ಬಿಡಲ್ಲ. ಐದು ನಿಮಿಷ ಆಯ್ತೋ, ಊದೋದೇ."

"ಊದಿ. ಐದು ನಿಮಿಷ ಪೂರ್ತಿ ಸಿಗ್ಲಿ, ಅಷ್ಟು ಸಾಕು."

ಭಾನುವಾರ ಸಂಜೆ ಆರಕ್ಕೆ ಹಾಲ್ ಬಿಟ್ಟುಕೊಡಬೇಕಿತ್ತು. ಅಲ್ಲಿ ಡ್ಯಾನ್ಸ್ ಕ್ಲಾಸು. ಹೊಸಬರಿಗೆ ಕೊನೆಯ ಸರದಿ, ಈ ಸಲ ಹೊಸಬಳು ಇವಳೊಬ್ಬಳೇ. ಇವಳಿಗಿಂತ ಮುಂಚೆ ಅಧ್ಯಕ್ಷರ ಪದ್ಯ. ಅಧ್ಯಕ್ಷರೆಂದರೆ ಹಿರಿಯ ಕವಿಗಳು, ಅವರಿಗೆ ಸೀಟಿ ಊದುವ ಪದ್ಧತಿ ಇರಲಿಲ್ಲ. "ಒಂದೇ ಒಂದು ಪದ್ಯ ಓದಿ ಕೂತ್ಕೋತೀನಿ" ಎಂದು ಶುರು ಮಾಡಿದರು. ಆ ಒಂದು ಮರಿ ಹಾಕಿತು, ಮರಿಯೂ ಮರಿ ಹಾಕಿತು. ಮುಂದಿನ ಸಾಲಿನಲ್ಲಿ ಒಬ್ಬರು ಗೊರಕೆ ಹೊಡೆದರೆ ಅದನ್ನು ತಲೆದೂಗಿದ್ದೆಂದು ತಿಳಿದು ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಹಾಲ್‌ನ ವಾಚ್‌ಮನ್ ಹಿಂದಿನ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಡತೊಡಗಿದ.

ಸೀಟಿಯಣ್ಣ ಡಾಕ್ಟರ ಕಡೆ ನೋಡಿದ. ಅವರು ಸೂರು ನೋಡಿದರು. ಹೆಂಡತಿಯ ಕಡೆ ನೋಡಿದ. ಅವಳು ತೊಡೆಯ ಮೇಲಿದ್ದ ಹಾಳೆಯನ್ನು ಮಡಚಿ, ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಮುಖ. ಅವನು ಕುರ್ಚಿಯ ಅಂಚಿಗೆ ಸರಿದ. ಸಂಘದ ಈ ಕುರ್ಚಿ ಹೋದರೆ ತನಗೆ ಊರಲ್ಲಿ ಬೇರೆ ಕುರ್ಚಿ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಊದಿದ.

ಗೊರಕೆಯವರು ಎದ್ದು ಕೂತರು. ಅಧ್ಯಕ್ಷರು ಬಾಯಿ ತೆರೆದಂತೆಯೇ ನಿಂತರು.

"ಸಾರ್, ನಿಮ್ಮ ಸ್ಟಾಪ್ ಬಂತು" ಎಂದ ಸೀಟಿಯಣ್ಣ. "ಇಳೀರಿ. ಹತ್ತೋರು ಕಾಯ್ತಿದ್ದಾರೆ."

ಹಾಲ್ ತುಂಬ ನಗು. ಅಧ್ಯಕ್ಷರು ಇಳಿದರು. ಡಾಕ್ಟರು ಅವನ ಕಿವಿಯ ಹತ್ತಿರ ಬಗ್ಗಿ, "ಮುಂದಿನ ವರ್ಷದಿಂದ ನಿಮಗೆ ತೊಂದ್ರೆ ಕೊಡಲ್ಲ" ಎಂದು ಹಲ್ಲು ಕಡಿದರು.

ಹೆಂಡತಿ ಮೈಕಿನ ಮುಂದೆ ಬಂದಳು. ಸೀಟಿಯಣ್ಣ ವಾಚಿನ ಮೇಲೆ ಕಣ್ಣು ನೆಟ್ಟ. ಇಷ್ಟೆಲ್ಲ ರಂಪ ಮಾಡಿ ಅವಳೇ ಐದು ನಿಮಿಷ ದಾಟಿಬಿಟ್ಟರೆ? ಅವಳಿಗೂ ಊದಬೇಕಲ್ಲ! ನಡುವೆ ಒಮ್ಮೆ ಸಭೆಯೆಲ್ಲ ತನ್ನ ಕಡೆ ತಿರುಗಿ ನೋಡಿದ ಹಾಗಾಯಿತು. ಹೆಂಡತಿಗೂ ಊದುತ್ತಾನೋ ಇಲ್ಲವೋ ಎಂದು ನೋಡುತ್ತಿದ್ದಾರೆ ಎಂದುಕೊಂಡ. ಐದು ಆಗುವ ಮುಂಚೆಯೇ ಅವಳು ಮುಗಿಸಿದಳು. ಜೋರು ಚಪ್ಪಾಳೆ ಬಿತ್ತು. ಅಬ್ಬಾ, ಗೆದ್ದೆ ಎಂದು ಸೀಟಿಯನ್ನು ಜೇಬಿಗಿಳಿಸಿದ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು, "ಹೇಗಿತ್ರೀ?"

"ಭರ್ಜರಿ! ಟೈಮ್ ಇನ್ನೂ ಮಿಕ್ಕಿತ್ತು."

"ಪದ್ಯ ಹೇಗಿತ್ತು ಅಂದೆ."

"ಪದ್ಯಾನೂ ಚೆನ್ನಾಗಿತ್ತು. ಆ ಕೊನೇದು ಇತ್ತಲ್ಲ, ಅದು."

"ಕೊನೇದು ಅಂದ್ರೆ ಯಾವ್ದು?"

ಸೀಟಿಯಣ್ಣ ವಾಚು ನೋಡಿಕೊಂಡ. ಅವಳು ಮುಖ ತಿರುಗಿಸಿ ರಸ್ತೆ ನೋಡುತ್ತ ಕೂತಳು. ಅವಳು ಕೇಳಿದ್ದು ಎರಡೇ. ಐದು ನಿಮಿಷ, ಮತ್ತು ಅವನ ಕಿವಿ. ಊರನ್ನೆಲ್ಲ ಎದುರು ಹಾಕಿಕೊಂಡು ಒಂದನ್ನು ಕೊಡಿಸಿದ್ದ. ಜೊತೆಯಲ್ಲೇ ಇದ್ದ ಇನ್ನೊಂದನ್ನು ಮರೆತಿದ್ದ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ವಾಚು ಬಿಚ್ಚಿ ಅವಳ ಬ್ಯಾಗಿನೊಳಗೆ ಹಾಕಿದ. "ಇನ್ನೊಂದ್ಸಲ ಓದೇ" ಎಂದ.

ಅವಳು ತುಸು ಹೊತ್ತು ಸತಾಯಿಸಿದಳು. ಆಮೇಲೆ ಹಾಳೆ ತೆಗೆದು ಮೊದಲಿಂದ ಓದಿದಳು. ನಡುವೆ ಈ ಸಾಲುಗಳು ಬಂದವು.

"ಮದುವೆಯಾದಂದಿನಿಂದ ಒಂದೇ ಬಸ್ಸಿನಲ್ಲಿ ಬಂದೆವು,
ನೀನು ಎಲ್ಲರನ್ನೂ ಕೇಳಿದೆ ಎಲ್ಲಿಗೆ, ಎಲ್ಲಿಗೆ ಎಂದು.
ಬಾಗಿಲ ಪಕ್ಕದ ಸೀಟಿನಲ್ಲಿ ನಾನೂ ಇದ್ದೆ,
ನನ್ನೊಬ್ಬಳನ್ನು ಕೇಳಲಿಲ್ಲ."

ಎದುರಿಗೆ ನೀವು, ಪದ್ಯದಲ್ಲಿ ನೀನು! ಸಭೆ ಯಾಕೆ ತನ್ನ ಕಡೆ ತಿರುಗಿತ್ತೆಂದು ಈಗ ಸೀಟಿಯಣ್ಣನಿಗೆ ತಿಳಿಯಿತು. ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಬಸ್ ಬಂತು. ಬಾಗಿಲಲ್ಲಿ ನಿಂತ ಕಂಡಕ್ಟರ್ ಅವನ ಕೈಕೆಳಗೆ ಕೆಲಸ ಕಲಿತವನೇ. "ಹತ್ತಣ್ಣ, ಬೇಗ. ಇದು ಬಿಟ್ರೆ ಮುಂದಿಂದು ತುಂಬಾ ಲೇಟು" ಎಂದ.

"ನೀನು ಹೋಗೋ ಮಾರಾಯ" ಎಂದು ಸೀಟಿಯಣ್ಣ ಕೈ ಬೀಸಿದ. "ರೈಟ್!"

ಬಸ್ ಹೋಯಿತು. ಅವನು ಹೆಂಡತಿಯ ಕಡೆ ತಿರುಗಿ ಕೂತ.

"ಎಲ್ಲಿಗೆ ಹೋಗ್ಬೇಕಿತ್ತೇ ನಿಂಗೆ?"

"ಎಲ್ಲಿಗೂ ಇಲ್ಲ ರೀ" ಎಂದಳು ಅವಳು. "ಕೇಳಿದ್ರೆ ಸಾಕಿತ್ತು."