ಕೂತರೆ ಮಂಕಾಗುವ ದೀಪ

ನಮ್ಮಪ್ಪ ದೋಣಿಮಲೈ ಗಣಿಯಲ್ಲಿ ಕೆಲಸಕ್ಕಿದ್ದರು. ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಸಣ್ಣ ಮನೆ. ಡ್ಯೂಟಿ ಮುಗಿಸಿ ಸ್ಟಾಫ್ ಬಸ್ಸಿಳಿದು ಬಂದವರು ಕೆಂಪು ಧೂಳು ಹಿಡಿದ ಬೂಟನ್ನು ಹೊರಗೆ ಬಿಟ್ಟು ಒಳಗೆ ಕಾಲಿಡುತ್ತಲೇ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಲೈಟು ಬಂದ್ ಮಾಡುವುದು. ಅಡುಗೆಮನೆಯ ಮೂಲೆಯಲ್ಲಿ ಅವ್ವ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿರುತ್ತಿದ್ದಳು. ಬಾಗಿಲಲ್ಲಿ ನಿಂತವರಿಗೆ ಅವಳು ಕಾಣುತ್ತಿರಲಿಲ್ಲ, ಅವಳ ಸದ್ದೂ ಇರುತ್ತಿರಲಿಲ್ಲ. ಟಪ್ ಅಂತ ಸ್ವಿಚ್ಚು. ಕತ್ತಲೊಳಗಿಂದ ಅವ್ವನ ದನಿ ಬರುತ್ತಿತ್ತು: "ನಾ ಇಲ್ಲೇ ಅದೀನ್ರಿ."

ಅಪ್ಪ ನಗುತ್ತ ಮತ್ತೆ ಹಚ್ಚುತ್ತಿದ್ದರು. ನಾವು ಮಕ್ಕಳೂ ನಗುತ್ತಿದ್ದೆವು. ಅವ್ವ ನಗುತ್ತಿದ್ದಳೋ ಇಲ್ಲವೋ, ಯಾರೂ ನೋಡಲಿಲ್ಲ.

ಈಗ ನಾನು ಹೊಸಪೇಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂಶೋಧನೆ ಎಲ್ಇಡಿ ದೀಪಗಳ ಮೇಲೆ. ದೀಪಕ್ಕೊಂದು ಪುಟ್ಟ ಕಣ್ಣು, ಅಂದರೆ ಸೆನ್ಸರ್, ಇಟ್ಟಿರುತ್ತೇವೆ. ಜನ ಇದ್ದಾರೆ ಅಂತ ಅದಕ್ಕೆ ತಿಳಿದರೆ ಪೂರ್ತಿ ಬೆಳಕು, ಇಲ್ಲ ಅನಿಸಿದರೆ ಮಂಕು. ಕರೆಂಟು ಉಳಿಯಬೇಕು, ಬೆಳಕೂ ಸಿಗಬೇಕು. ಹೇಳಲಿಕ್ಕೆ ಇಷ್ಟೇ. ಮಾಡಲಿಕ್ಕೆ ನನ್ನ ಅರ್ಧ ಆಯುಷ್ಯ ಹೋಗಿದೆ. ಯಶವಂತನಗರದ ರಸ್ತೆಯ ಕಂಬಗಳಿಗೆ ಹಾಕಿದ ದೀಪದ ಕಣ್ಣು ಅದಿರಿನ ಧೂಳಿಗೆ ವಾರದೊಳಗೆ ಕುರುಡಾಗುತ್ತಿತ್ತು. ಹಳೇ ಸೀರೆಯ ತುಂಡು ಒದ್ದೆ ಮಾಡಿಕೊಂಡು ಹೋಗಿ ಒಂದೊಂದನ್ನೇ ಒರೆಸಿ ಬಂದಿದ್ದೇನೆ. ಹಂಪಿಯಲ್ಲಿ ಒಂದು ಹೋಟೆಲಿನ ಅಂಗಳಕ್ಕೆ ಹಾಕಿದ್ದನ್ನು ಕೋತಿಗಳು ಕಿತ್ತು, ವೈರು ಹಿಡಿದು ಜೋತಾಡಿದವು. ಆಗೆಲ್ಲ ನನಗೆ ಸಿಟ್ಟು ಬಂದಿರಲಿಲ್ಲ. ಧೂಳಿನ ಮೇಲೆ, ಕೋತಿಯ ಮೇಲೆ ಏನು ಸಿಟ್ಟು?

ಸಿಟ್ಟು ಬಂದದ್ದು ಕಂಪ್ಲಿಯಲ್ಲಿ.

ಅಲ್ಲಿಯ ಒಂದು ಅಕ್ಕಿ ಗಿರಣಿಗೆ ನಮ್ಮ ದೀಪ ಹಾಕುವುದು ಅಂತ ಆಯಿತು. ಯೋಜನೆ ನಮ್ಮ ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ, ದುಡಿತ ನನ್ನದು. ನಾನು ಮಾಡಿಟ್ಟ ಬೋರ್ಡಿನಲ್ಲಿ ಎರಡು ಕಣ್ಣಿದ್ದವು. ಒಂದು ನಡೆದಾಡುವವರನ್ನು ಗುರುತಿಸುವುದು. ಇನ್ನೊಂದು ಕೂತವರನ್ನು, ಎದೆ ಏರಿಳಿದರೂ ಅದಕ್ಕೆ ತಿಳಿಯುತ್ತದೆ. ಮುಖ್ಯಸ್ಥರು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಕಣ್ಣು ಸಾಕು, ಎರಡು ಯಾಕೆ, ಗಿರಣಿಯೇನು ಆಸ್ಪತ್ರೆಯೇ ಅಂದರು. ನಾನು ಬೇಕೆಂದು ವಾದಿಸಿದೆ. ಅವರು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ಎರಡನೇ ಕಣ್ಣು ಹೋಗಿತ್ತು.

ಗಿರಣಿಯ ಹಿಂದೆ ಒಂದು ತಗಡಿನ ಶೆಡ್ಡು. ಕಿಟಕಿ ಇಲ್ಲ, ಹಾಡುಹಗಲೇ ಕತ್ತಲೆ. ಹಮಾಲರ ಕೊಕ್ಕೆ ತಗುಲಿ, ಇಲಿ ಕಡಿದು ಹರಿದ ಗೋಣಿಚೀಲಗಳನ್ನು ಅಲ್ಲಿ ಹೆಂಗಸರು ಹೊಲಿಯುತ್ತಾರೆ. ಚೀಲದ ರಾಶಿಗೆ ಒರಗಿ ಕಾಲು ಚಾಚಿ ಕೂತರೆಂದರೆ ಮುಗಿಯಿತು, ಊಟದ ಹೊತ್ತಿನವರೆಗೆ ಮೈ ಅಲುಗುವುದಿಲ್ಲ. ದಬ್ಬಣ ಹಿಡಿದ ಕೈಯೊಂದೇ ಆಡುತ್ತಿರುತ್ತದೆ. ಆ ಕೈ ನಮ್ಮ ಒಂಟಿಗಣ್ಣಿನ ದೀಪಕ್ಕೆ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು, ಇಲ್ಲಿ ಯಾರೂ ಇಲ್ಲ ಅಂದುಕೊಂಡು ಮಂಕಾಗುತ್ತದೆ.

ದೀಪ ಹಾಕಿದ ಮುಂದಿನ ವಾರ ನೋಡಲು ಹೋದೆ. ದೀಪ ಮಂಕಾಯಿತು. ಒಬ್ಬಳು, "ಲೇ, ಈಗ ನಿನ್ನ ಪಾಳಿ. ಏಳು, ಆರತಿ ಎತ್ತು" ಅಂದಳು. ಇನ್ನೊಬ್ಬಳು ಎದ್ದು ದೀಪದ ಕೆಳಗೆ ನಿಂತು ಗೋಣಿಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಬೀಸಿದಳು. ಬೆಳಕು ಬಂತು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಮತ್ತೆ ಮಂಕು, ಮತ್ತೊಬ್ಬಳ ಪಾಳಿ. ಚೀಲಕ್ಕಿಷ್ಟು ಅಂತ ಅವರ ಕೂಲಿ. ಆರತಿ ಎತ್ತಿದ ಹೊತ್ತು ಅವರದೇ ನಷ್ಟ.

ಅವರಲ್ಲಿ ಹಿರಿಯಳು ಮಾತ್ರ ನಗಲಿಲ್ಲ. ಅವಳ ಹೆಬ್ಬೆರಳಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು. ಬೆಳಕು ಹೋದ ಗಳಿಗೆಯಲ್ಲಿ ದಬ್ಬಣ ಚೀಲ ದಾಟಿ ಬೆರಳಿಗೆ ಹೋಗಿತ್ತಂತೆ. "ಮದ್ಲಿನ ಬಲ್ಪು ಕೆಂಪಗಿತ್ತು, ಖರೆ" ಅಂದಳು. "ಆದ್ರ ಅದು ಕಣ್ಣು ಹೊಡೀತಿದ್ದಿಲ್ರಿ, ಮೇಡಮ್ಮರೆ."

ಅವತ್ತು ಕಂಪ್ಲಿಯಿಂದ ಹೊಸಪೇಟೆಯವರೆಗೆ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದೆ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಗೇ ಉಳಿದಿತ್ತು. ನೇರ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಎರಡನೇ ಕಣ್ಣು ಹಾಕೋಣ, ಇಲ್ಲದಿದ್ದರೆ ಆ ಶೆಡ್ಡಿನಲ್ಲಿ ಮಂಕಾಗುವುದನ್ನೇ ತೆಗೆದುಬಿಡೋಣ ಅಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಗ್ರಾಫಿನ ಗೆರೆಗಳನ್ನು ತೋರಿಸಿದರು.

"ಇಡೀ ಗಿರಣ್ಯಾಗ ಭಾಳ ಉಳಿತಾಯ ಆಗಿದ್ದು ಎಲ್ಲಿ ನೋಡ್ರಿ, ಆ ಶೆಡ್ಡಿನಾಗ. ಅದನ್ನ ಮಾತ್ರ ಮುಟ್ಟಬ್ಯಾಡ್ರಿ, ಮೇಡಂ."

ಉಳಿತಾಯ! ಜನ ತುಂಬಿದ ಕೋಣೆಯಲ್ಲಿ ಯಾರೂ ಇಲ್ಲ ಅಂದುಬಿಟ್ಟರೆ ಉಳಿಯದೆ ಏನು ಮಾಡುತ್ತದೆ? ಇದಕ್ಕೆ ಎಲ್ಇಡಿ ಯಾಕೆ, ಸಂಶೋಧನೆ ಯಾಕೆ? ನಮ್ಮಪ್ಪನ ಬೆರಳೊಂದು ಸಾಕಿತ್ತು.

ಗಿರಣಿಯ ಸಾವಕಾರರಿಗಂತೂ ದೀಪ ಬಹಳ ಹಿಡಿಸಿತ್ತು. ಅದು ಮಂಕಾದರೆ ಹೆಂಗಸರು ತೂಕಡಿಸುತ್ತಿದ್ದಾರೆ ಅಂತ ಅವರು ತಾವೇ ಅರ್ಥ ಮಾಡಿಕೊಂಡಿದ್ದರು. ಮಂಕಾದಾಗಲೆಲ್ಲ ಬಾಗಿಲಿಗೆ ಮೇಸ್ತ್ರಿ ಬಂದು ನಿಲ್ಲುತ್ತಿದ್ದ. ಅಲ್ಲಾಡದೆ ಹೊಲಿಯುವವಳು ಬೈಸಿಕೊಳ್ಳುತ್ತಿದ್ದಳು, ಎದ್ದು ಚೀಲ ಬೀಸುವವಳೂ ಬೈಸಿಕೊಳ್ಳುತ್ತಿದ್ದಳು.

ಆಮೇಲೆ ಯೋಜನೆ ಪರಿಶೀಲಿಸಲು ಕಮಿಟಿ ಬಂತು. ಕೆಲಸ ಮೆಚ್ಚಿದರೆ ಇದೇ ದೀಪವನ್ನು ಸಂಡೂರು ಕಡೆಯ ಕಾರ್ಖಾನೆಗಳಿಗೂ ಹಾಕುವವರು ಅವರು. ಹೊಸಪೇಟೆಗೆ ಯಾವ ಕಮಿಟಿ ಬರಲಿ, ಮೊದಲು ಹಂಪಿ. ಕಾರು, ನೀರಿನ ಬಾಟಲಿ, ಟೋಪಿ, ಎಳನೀರು, ಗೈಡು, ಎಲ್ಲದರ ಏರ್ಪಾಡೂ ನನ್ನದೇ. ಪ್ರತಿ ಕಂಬಕ್ಕೂ ನಿಂತು ಫೋಟೋ ಆಯಿತು. ಊಟ ಆಯಿತು, ಊಟದ ಮೇಲೆ ಬಾಳೆಹಣ್ಣಾಯಿತು. ಕಂಪ್ಲಿಗೆ ಉಳಿದದ್ದು ಸಂಜೆಯ ಚೂರು ಹೊತ್ತು. ಕಮಿಟಿಯ ಕಾರಿನ ಹಿಂದೆ ನಮ್ಮ ಕಾರು. ದಾರಿಯಲ್ಲಿ ಮುಖ್ಯಸ್ಥರು ಮೇಸ್ತ್ರಿಗೆ ಫೋನು ಮಾಡಿ, ನಾವು ಬರುವಾಗ ಶೆಡ್ಡಿನಲ್ಲಿ ಯಾರೂ ಕೂತಿರಬಾರದು, ಎಲ್ಲರನ್ನೂ ಓಡಾಡಿಸು ಅಂದರು. ನಾನು ಹಿಂದಿನ ಸೀಟಿನಲ್ಲೇ ಇದ್ದೆ. ನನ್ನನ್ನೂ ಅವರ ದೀಪ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೋಗಿ ನೋಡಿದರೆ ಹೆಂಗಸರು ಖಾಲಿ ಚೀಲ ತಲೆಯ ಮೇಲೆ ಹೊತ್ತು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ದೀಪಗಳು ಝಗಝಗ ಉರಿಯುತ್ತಿದ್ದವು. ಕಮಿಟಿಯವರು ತಲೆದೂಗಿದರು. ಹಿರಿಯಳು ನನ್ನನ್ನು ದಾಟಿ ಹೋಗುವಾಗ ಒಮ್ಮೆ ಮುಖ ನೋಡಿದಳು. ಶೆಡ್ಡಿನ ನಡುವೆ ಹೋಗಿ ಚೀಲ ಕೆಳಗೆ ಹಾಕಿ, ಅದರ ಮೇಲೆ ಕಾಲು ಚಾಚಿ ಕೂತು, ಸೆರಗಿನಲ್ಲಿ ಸಿಕ್ಕಿಸಿದ್ದ ದಬ್ಬಣ ತೆಗೆದಳು. ಮೇಸ್ತ್ರಿ ಗದರಿದ.

"ಕುಂತು ಮಾಡೋ ಕೆಲಸರೀ ನಮ್ದು" ಅಂದಳು. "ತಿರಗಾಡಿ ಹೊಲಿಯಾಕ ಬರಂಗಿಲ್ಲ."

ಅವಳ ಪಕ್ಕ ಇನ್ನೊಬ್ಬಳು ಕೂತಳು. ನೋಡುನೋಡುತ್ತ ಎಲ್ಲರೂ ಕೂತರು. ನಾವು ನಿಂತು ನೋಡುತ್ತಿದ್ದೆವು, ಯಾರೂ ಅಲುಗಲಿಲ್ಲ. ದೀಪ ಮಂಕಾಯಿತು.

ಕಮಿಟಿಯ ಹಿರಿಯರು ಏನಾಯಿತೆಂದು ಕೇಳಿದರು. ಸಣ್ಣ ಫಾಲ್ಟು, ಮೇಡಂ ನೋಡುತ್ತಾರೆ ಅಂದರು ಮುಖ್ಯಸ್ಥರು.

"ಫಾಲ್ಟ್ ಅಲ್ಲ ಸರ್" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇಲ್ಲಿ ಯಾರೂ ಇಲ್ಲ ಅಂತ ದೀಪ ಹೇಳ್ತಾ ಇದೆ. ಹಾಗೆ ಹೇಳೋ ಹಾಗೆ ನಾವೇ ಮಾಡಿದ್ದೀವಿ."

ಅರೆಬೆಳಕಿನಲ್ಲಿ ಸದಸ್ಯರೊಬ್ಬರು ನಕ್ಕರು. ಹಾಗಾದರೆ ಆಗಾಗ ಎದ್ದು ಓಡಾಡಲಿಕ್ಕೆ ಹೇಳಿ, ಆರೋಗ್ಯಕ್ಕೂ ಒಳ್ಳೆಯದು ಅಂದರು. ಉಳಿದವರೂ ನಕ್ಕು, ಸಾವಕಾರರ ಆಫೀಸಿಗೆ ಚಹಾ ಕುಡಿಯಲು ನಡೆದರು.

ನಾನು ಏಣಿ ಕೇಳಿದೆ. ಮೇಸ್ತ್ರಿ ಅತ್ತ ಇತ್ತ ನೋಡಿದ. ಹೆಂಗಸರೇ ಎಳೆದು ತಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಪ್ರತಿ ದೀಪದ ಬೆನ್ನಿಗೆ ಒಂದು ಪುಟ್ಟ ಸ್ವಿಚ್ಚಿದೆ. ಅದನ್ನು ಎಳೆದರೆ ದೀಪ ಮಂಕಾಗುವುದನ್ನು ಮರೆತು ಸಾದಾ ದೀಪವಾಗುತ್ತದೆ. ಒಂದೊಂದನ್ನೇ ಎಳೆಯುತ್ತ ಹೋದೆ. ಕೆಳಗೆ ಮುಖ್ಯಸ್ಥರು ಬಂದು ನಿಂತರು.

"ಇಳೀರಿ ಮೇಡಂ. ಡೇಟಾ ಎಲ್ಲಾ ಹಾಳಾಗ್ತೈತಿ."

"ಇನ್ನೂ ಆ ಮೂಲೀದು ಐತ್ರಿ ಸರ್" ಅಂದು ಏಣಿ ಸರಿಸಿಕೊಂಡೆ.

ಯೋಜನೆಯಲ್ಲಿ ನನ್ನ ಕೆಲಸವನ್ನು ಆಮೇಲೆ ಬೇರೆಯವರಿಗೆ ಕೊಟ್ಟರು. ಪ್ರಕಟವಾದ ಪ್ರಬಂಧದಲ್ಲಿ ನನ್ನ ಹೆಸರಿಲ್ಲ. ಆ ಶೆಡ್ಡಿನ ಉಳಿತಾಯ ಮಾತ್ರ ಇದೆ, ನಾನು ಏಣಿ ಹತ್ತುವ ತನಕದ್ದು. ಶೆಡ್ಡನ್ನು 'ಜನಸಂಚಾರವಿಲ್ಲದ ಗೋದಾಮು' ಅಂತ ಬರೆದಿದ್ದಾರೆ. ಓದಿದ ದಿನ ಅನ್ನಕ್ಕಿಟ್ಟ ಕುಕ್ಕರ್ ಸೀಟಿಯ ಮೇಲೆ ಸೀಟಿ ಹೊಡೆದು ಅನ್ನ ಹತ್ತಿತು, ನನಗೆ ಕೇಳಿಸಲೇ ಇಲ್ಲ. ಅದೇ ಒಂಟಿಗಣ್ಣಿನ ದೀಪ ಈಗ ಸಂಡೂರಿಗೆ ಹೊರಟಿದೆ. ಕಂಪ್ಲಿಯ ಶೆಡ್ಡಿನಲ್ಲಿ ಸ್ವಿಚ್ಚುಗಳು ನಾನು ಎಳೆದಂತೆಯೇ ಇವೆ. ಏಣಿ ಹತ್ತಿ ಬದಲಿಸುವ ಉಸಾಬರಿ ಯಾರಿಗೂ ಬೇಕಾಗಿಲ್ಲ.

ಎರಡು ಕಣ್ಣಿನ ಬೋರ್ಡನ್ನು ಈಗ ಮನೆಯ ಊಟದ ಮೇಜಿನ ಮೇಲೆ ಮತ್ತೆ ಕಟ್ಟುತ್ತಿದ್ದೇನೆ. ಸಂಡೂರಿನಲ್ಲಿ ಆ ದೀಪ ಯಾರೂ ಇಲ್ಲ ಅನ್ನುವ ಮೊದಲು ಇದನ್ನು ಕಮಿಟಿಯವರ ಮುಂದೆ ಇಡಬೇಕು. ಪರೀಕ್ಷೆಗೆ ಅವ್ವನೇ ಸಿಕ್ಕಿದ್ದಾಳೆ. ದೀಪದ ಕೆಳಗೆ ನೆಲದ ಮೇಲೆ ಮೊರ ಇಟ್ಟುಕೊಂಡು ಕೂತಿರುತ್ತಾಳೆ. ಕೈಯನ್ನೂ ಆಡಿಸಬೇಡ ಅಂದಿದ್ದೇನೆ. ನಿನ್ನೆ ಅವಳಿಗೆ ಬೇಸರ ಬಂತು.

"ಎಷ್ಟೊತ್ತಬೇ ಹಿಂಗ ಕುಂದ್ರೋದು? ಉಸಿರಾದ್ರೂ ಆಡ್ಲೋ ಬ್ಯಾಡೋ?"

"ಆಡವ್ವ" ಅಂದೆ. "ಅದನ್ನ ನೋಡಾಕಽ ಈ ಕಣ್ಣು ಇಟ್ಟೀನಿ."