ಶಾವಿಗೆಯ ಬಿಸಿಲು

ಭೂಗೋಳದ ಮೇಷ್ಟ್ರ ಮನೆಯಲ್ಲಿ ಗಿಡ ನೆಡಬಾರದು. ನೆಟ್ಟರೆ ಅದು ನೀರಿಗಿಂತ ಹೆಚ್ಚು ಉಪನ್ಯಾಸವನ್ನೇ ಕುಡಿಯಬೇಕಾಗುತ್ತದೆ. ಉಮರ್ಗಾದ ನಮ್ಮ ಅಂಗಳದ ಹೊಳೆದಾಸವಾಳದ ಪಾಡು ಇದೇ.

ನನ್ನ ಹೆಂಡತಿ ಶಾಲಿನಿ ಅಂಕೋಲೆಯವಳು. ಮದುವೆಯಾದ ಮೊದಲ ಮಳೆಗಾಲದಲ್ಲಿ ತವರಿನ ಹಳ್ಳದ ದಂಡೆಯಿಂದ ಸಸಿಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಮೂರು ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡೇ ತಂದಳು. ಹೆಸರಿಗೆ ದಾಸವಾಳ, ಕುಲ ನೋಡಿದರೆ ಮದರಂಗಿಯ ದಾಯಾದಿ. ಇಲ್ಲಿಯ ಮರಾಠಿಯವರಿಗೆ ತಾಮ್ಹಣ, ಮಹಾರಾಷ್ಟ್ರದ ರಾಜ್ಯ ಹೂವು. ವೈಶಾಖ ಬಂತೆಂದರೆ ಅವಳೂರಿನಲ್ಲಿ ಮರವೆಲ್ಲ ನೇರಳೆ ಬಣ್ಣವಂತೆ. ನಮ್ಮದು ಮಾಳಿಗೆಯೆತ್ತರ ಬೆಳೆದರೂ ಒಂದು ಹೂ ಬಿಟ್ಟಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು! ಅಲ್ಲಿಯದು ಕೆಂಪು ಮಣ್ಣು, ಇಲ್ಲಿಯದು ಕಪ್ಪು ಎರೆ. ಅಲ್ಲಿ ಗಾಳಿಯಲ್ಲಿ ನೀರು, ಇಲ್ಲಿ ಧೂಳು. ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಕೊಟ್ಟು, "ಸಮುದ್ರದ ಕಡೀದು, ನಮ್ಮ ನೆಲಕ್ಕ ಒಗ್ಗೂದಿಲ್ರಿ" ಎಂದು ಮುಗಿಸುತ್ತಿದ್ದೆ. ಶಾಲಿನಿ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ಮಾತು ಅವಳಿಗೆ ಹೇಗೆ ತಾಗಿತೋ, ನನಗೆ ಹೊಳೆಯಲೇ ಇಲ್ಲ.

ಯುಗಾದಿ ಮುಗಿದ ವಾರ ಅವ್ವ ಅಂಗಳದಲ್ಲಿ ಹಗ್ಗದ ಹೊರಸು ಹಾಕಿ ಶಾವಿಗೆ ಒಣಗಿಸುತ್ತಾಳೆ. ಅದರ ಮೇಲೆ ನೆರಳು ಬೀಳಬಾರದೆಂದು ನಾನು ಪ್ರತಿ ವರ್ಷ ಏಣಿ ಹತ್ತಿ ಮರದ ತುದಿಗಳನ್ನು ಸವರುತ್ತೇನೆ. ಈ ವರ್ಷ ನಿಲಂಗಾ ರಸ್ತೆಯಲ್ಲಿ ಬೈಕ್ ಜಾರಿ ಮಣಿಕಟ್ಟು ಮುರಿದುಕೊಂಡೆ, ಏಣಿ ಹತ್ತಲಾಗಲಿಲ್ಲ. ಅವ್ವ ಶಾವಿಗೆಯನ್ನು ಮಾಳಿಗೆಗೆ ಹೊತ್ತು ಹೊತ್ತು ಸಾಕಾಗಿ, ಸಿಡುಕಿದಳು. "ಲಿಂಗಕ್ಕ ಏರಸ್ಲಾಕ ಒಂದು ಹೂವ ಕೊಡಲ್ದ ಗಿಡ ಯಾತಕ್ಕ ಬೇಕೋ? ಬಸವ ಜಯಂತಿ ಆದ ಮ್ಯಾಲ ಕಡಸಿ ಹಾಕು."

ಶಾಲಿನಿ ಅಂದಿನಿಂದ ದಿನಾಲೂ ಮರಕ್ಕೆ ಒಂದು ಕೊಡ ನೀರು ಹೆಚ್ಚಿಗೆ ಹಾಕತೊಡಗಿದಳು. ನನಗೋ, ಅವ್ವನಿಗೆ ಎದುರಾಡುವ ಧೈರ್ಯ ಬರಲಿಲ್ಲ.

ಬಸವ ಜಯಂತಿಗೆ ನಾಲ್ಕು ದಿನವಿತ್ತು. ಮುಂಜಾನೆ ಅವ್ವ ಕೂಗಿದ್ದು ಕೇಳಿ ಹೊರಗೆ ಓಡಿದೆ. ಅಬ್ಬಾ! ಕೊಂಬೆಕೊಂಬೆಯ ತುದಿಯಲ್ಲೂ ನೇರಳೆ ಗೊಂಚಲು. ತುದಿಯಲ್ಲೇ, ನಾನು ವರ್ಷವರ್ಷವೂ ಶಾವಿಗೆಗಾಗಿ ಸವರಿ ಒಗೆಯುತ್ತಿದ್ದ ಅದೇ ತುದಿಗಳಲ್ಲಿ! ಎರೆ ಮಣ್ಣು ಏನೂ ತಪ್ಪು ಮಾಡಿರಲಿಲ್ಲ. ಪ್ಲಾಸ್ಟರಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳಬೇಕೆನಿಸಿತು.

ಅವ್ವ ಒಂದು ಹೂ ಕಿತ್ತು ಸೊಸೆಯ ಅಂಗೈಯಲ್ಲಿಟ್ಟಳು. "ಇವತ್ತ ನೀನೇ ಏರಸವ್ವ. ಶಾವಿಗಿ ಇನ್ನ ಮ್ಯಾಲ ಮಾಳಿಗಿ ಮ್ಯಾಲೇ ಒಣಗಲಿ."

"ಹೂವ ತುದೀಗೇ ಬರ್ತಾವಂತ ನಿನಗ ಗೊತ್ತಿದ್ದಿಲ್ಲೇನ?" ಎಂದು ಶಾಲಿನಿಯನ್ನು ಕೇಳಿದೆ.

"ನೀವು ಏಣಿ ಹತ್ತಿದ ಮೊದಲ್ನೇ ವರ್ಷವೇ ಹೇಳಿದ್ದೆ," ಎಂದಳು ಹೂವನ್ನೇ ನೋಡುತ್ತ. "ನೀವು ಆವಾಗ ಮಣ್ಣಿನ ವಿಷಯ ಹೇಳ್ತಾ ಇದ್ರಿ."

ಈಗ ಕೈ ಕೂಡಿದೆ. ಬಂದವರಿಗೆ ಮರದ ಕತೆಯನ್ನು ಶಾಲಿನಿಯೇ ಹೇಳುತ್ತಾಳೆ. ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋಗುವವನು ನಾನು.